ಇಂಪೆಕಬಲ್, ಫ್ಲಾಲೆಸ್, ಇಮ್ಯಾಕ್ಯುಲೇಟ್

ಇಂಗ್ಲಿಷಿನ ಈ ಮೂರು ಪದಕ್ಕೂ ‘ದೋಷವಿಲ್ಲದ’ ಅಂತ ಹೇಳಿ ನಿಘಂಟು ಕೈತೊಳೆದುಕೊಳ್ಳುತ್ತೆ. ಬಳಸುವಾಗ ಎಡವಟ್ಟಾಗೋದು ಅಲ್ಲೇ. ಇಂಪೆಕಬಲ್ ಬಂದಿದ್ದು ಲ್ಯಾಟಿನ್ನಿನ ‘ಪೆಕ್ಕಾರೆ’ಯಿಂದ, ಅಂದರೆ ಪಾಪ ಮಾಡು. ಮೊದಲು ಅದು ಪಾಪ ಮಾಡಲಾರದವರಿಗೆ ಹೇಳುತ್ತಿದ್ದ ಮಾತು. ಅದಕ್ಕೇ ಇವತ್ತಿಗೂ ನಡತೆ, ಅಭಿರುಚಿ, ಟೈಮಿಂಗ್ ಇಂಥವಕ್ಕೆ ಚೆನ್ನಾಗಿ ಒಗ್ಗುತ್ತೆ. ವಜ್ರಕ್ಕಾದರೆ ಫ್ಲಾಲೆಸ್ಸೇ ಸರಿ: 10 ಪಟ್ಟು ಹಿಗ್ಗಿಸಿ ನೋಡಿದರೂ ಒಳಗೆ, ಹೊರಗೆ ಕುಂದು ಕಾಣದಿದ್ದರೆ ಮಾತ್ರ ಆ ದರ್ಜೆ. ಇಮ್ಯಾಕ್ಯುಲೇಟ್‌ನೊಳಗೆ ಇರೋದು ‘ಮಾಕುಲಾ’, ಅಂದರೆ ಕಲೆ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಒರೆಸಿಟ್ಟ ಅಡುಗೆಮನೆ ಅದರ ಪಾಲು.

‘ವೆರಿ ಇಂಪೆಕಬಲ್’ ಬೇಡ. ದೋಷವೇ ಇಲ್ಲ ಅಂದಮೇಲೆ ‘ತುಂಬಾ’ ಎಲ್ಲಿಂದ ಬಂತು? ಹೇಳುವಾಗ ಒತ್ತು ‘ಪೆ’ ಮೇಲೆ. ರೆಸ್ಯೂಮೆಯಲ್ಲಿ ‘ಇಂಪೆಕಬಲ್ ಇಂಗ್ಲಿಷ್’ ಅಂತ ಬರೆದು ಸ್ಪೆಲಿಂಗಿನಲ್ಲಿ ಒಂದೇ ‘ಸಿ’ ಹಾಕುವವರೂ ಇದ್ದಾರೆ; ಎರಡು ಬೇಕು, ‘ಬಿ’ಗೆ ಮುಂಚೆ ‘ಐ’ ಅಲ್ಲ, ‘ಎ’.