ಲಾಗ್ ಹೇಳಿದ್ದು ಸುಳ್ಳಲ್ಲ, ಆದರೂ ಡಿಸ್ಕ್ ಮೌಂಟ್ ಆಗಿರಲಿಲ್ಲ

ಬ್ಯಾಕಪ್ ಡಿಸ್ಕ್ ಚುಚ್ಚಿದ ಕೂಡಲೇ ಯುಡೆವ್ (ಲಿನಕ್ಸ್‌ನಲ್ಲಿ ಸಾಧನಗಳು ಬಂದುಹೋಗುವುದನ್ನು ಗಮನಿಸುವ ವ್ಯವಸ್ಥೆ) ನಿಯಮ ಎಚ್ಚರಗೊಂಡು, ಅದರ ರನ್ ಸಾಲಿನಲ್ಲಿದ್ದ ಸ್ಕ್ರಿಪ್ಟ್ ಡಿಸ್ಕನ್ನು ಮೌಂಟ್ ಮಾಡಬೇಕು, ಅಂದರೆ ಒಂದು ಡೈರೆಕ್ಟರಿಗೆ ಜೋಡಿಸಬೇಕು. ಸೇವೆಗಳನ್ನು ಶುರುಮಾಡಿ ನಿಭಾಯಿಸುವ ಸಿಸ್ಟಮ್‌ಡಿ ಇಲ್ಲದ ಕಾಲದ ಸರ್ವರ್‌ನಿಂದ ಎತ್ತಿ ತಂದ ನಿಯಮವದು. ಹೊಸ ಸರ್ವರ್‌ನ ಲಾಗ್‌ನಲ್ಲೂ 'ಮೌಂಟ್ ಯಶಸ್ವಿ' ಎಂದೇ ಬರುತ್ತಿತ್ತು.

ಒಂದು ರಾತ್ರಿ ಸರ್ವರ್‌ನ ಮುಖ್ಯ ಡಿಸ್ಕ್ ಭಾಗವಾದ ರೂಟ್ ಪಾರ್ಟಿಷನ್ ಶೇ. 100 ತುಂಬಿ ಡೇಟಾಬೇಸ್ ನಿಂತಿತು. ಕರೆಯಲ್ಲಿದ್ದ ಮ್ಯಾನೇಜರ್ ಬಾಯಲ್ಲಿ ಒಂದೇ ಮಾತು: "ಇನ್ನೆಷ್ಟು ಹೊತ್ತು?" ಬ್ಯಾಕಪ್ ಡೈರೆಕ್ಟರಿಯಲ್ಲಿ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕೊಟ್ಟರೆ ಹಿಂದಿನ ರಾತ್ರಿಯ ಫೈಲುಗಳು ಸಾಲಾಗಿ ಕುಳಿತಿದ್ದವು. ಅಂದಮೇಲೆ ಡಿಸ್ಕ್ ಸರಿಯಿದೆ, ಜಾಗ ತಿಂದದ್ದು ಲಾಗ್‌ಗಳೇ ಎಂದುಕೊಂಡು ಅವನ್ನು ಅಳಿಸುತ್ತಾ ಹೋದೆ. ತೆರವಾದ ಜಾಗ ಮತ್ತೆ ತುಂಬುತ್ತಿತ್ತು. ಬ್ಯಾಕಪ್ ನಕಲಿಸುವ ಆರ್‌ಸಿಂಕ್ ಇನ್ನೂ ಓಡುತ್ತಿತ್ತಲ್ಲ! ಕೊನೆಗೆ ಅನ್‌ಮೌಂಟ್ ಮಾಡಹೊರಟಾಗ 'ಮೌಂಟ್ ಆಗಿಲ್ಲ' ಎಂಬ ಉತ್ತರ.

"ಯುಡೆವ್‌ಡಿಯ ಮೌಂಟ್‌ಇನ್ಫೋ ತೆಗೆದು ನೋಡಿ ಸಾರ್" ಎಂದಳು ಪಕ್ಕದಲ್ಲಿದ್ದ ಕಿರಿಯ ಸಹೋದ್ಯೋಗಿ. ಪ್ರಕ್ರಿಯೆಗಳ ವಿವರ ಸಿಗುವ ಪ್ರೊಕ್ ಡೈರೆಕ್ಟರಿಯೊಳಗೆ ಯುಡೆವ್‌ಡಿಯ (ಯುಡೆವ್ ನಡೆಸುವ ಹಿನ್ನೆಲೆ ಪ್ರಕ್ರಿಯೆ) ಸಂಖ್ಯೆ ಹಿಡಿದು ಅದರ ಮೌಂಟ್ ಪಟ್ಟಿ ನೋಡಿದರೆ, ಡಿಸ್ಕ್ ಅಲ್ಲಿದೆ! ಸಿಸ್ಟಮ್‌ಡಿಯ ಅಡಿಯಲ್ಲಿ ಯುಡೆವ್‌ಡಿ ತನ್ನದೇ ಮೌಂಟ್ ನೇಮ್‌ಸ್ಪೇಸ್‌ನಲ್ಲಿ, ಅಂದರೆ ಮೌಂಟ್‌ಗಳ ತನ್ನದೇ ಪ್ರತ್ಯೇಕ ನೋಟದೊಳಗೆ ಓಡುತ್ತದೆ. ಅದು ಮಾಡಿದ ಮೌಂಟ್ ಹೊರಗಿನವರಿಗೆ ಕಾಣುವುದಿಲ್ಲ. ಆರ್‌ಸಿಂಕ್ ರೂಟ್ ಪಾರ್ಟಿಷನ್‌ನ ಮೇಲಿದ್ದ ಬರಿಯ ಡೈರೆಕ್ಟರಿಗೆ ಸುರಿಯುತ್ತಿತ್ತು.

ಈಗ ಯುಡೆವ್ ನಿಯಮ ಏನನ್ನೂ ಮೌಂಟ್ ಮಾಡುವುದಿಲ್ಲ. ಸಿಸ್ಟಮ್‌ಡಿ-ವಾಂಟ್ಸ್ ಎಂಬ ಗುಣದ ಮೂಲಕ ಸಿಸ್ಟಮ್‌ಡಿಯ ಮೌಂಟ್ ಯೂನಿಟ್ಟನ್ನು ಕರೆದು ಸುಮ್ಮನಾಗುತ್ತದೆ. ಬ್ಯಾಕಪ್ ಸೇವೆಗೆ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಎಂಬ ಷರತ್ತು ಹಾಕಿದ್ದೇವೆ, ಮೌಂಟ್ ಸೋತರೆ ಅದು ಶುರುವೇ ಆಗದು. ಮೌಂಟ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಸಾಧನದ ಹೆಸರಿನ ಬದಲು ಯುಯುಐಡಿ (ಡಿಸ್ಕ್‌ನ ಬದಲಾಗದ ಗುರುತು), ಜೊತೆಗೆ ನೋಆಟೊ (ಬೂಟ್‌ನಲ್ಲಿ ತಾನಾಗಿ ಮೌಂಟ್ ಬೇಡ) ಮತ್ತು ನೋಫೇಲ್ (ಡಿಸ್ಕ್ ಇಲ್ಲದಿದ್ದರೂ ಬೂಟ್ ಸೋಲದು). ಇವೆರಡೂ ಇಲ್ಲದಿದ್ದರೆ ಡಿಸ್ಕ್ ಇಲ್ಲದ ದಿನ ಬೂಟ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದೇ ಸಾಲಿನ ಕೆಲಸ: ಡಿಸ್ಕ್ ಕಳಚಿದ್ದಾಗ ಬರಿಯ ಡೈರೆಕ್ಟರಿಗೆ ಚಾಟ್ಟರ್ ಪ್ಲಸ್ ಐ, ಅಂದರೆ ಏನೂ ಬದಲಾಗದಂತೆ ಬೀಗ ಹಾಕುವ ಆಜ್ಞೆ. ಮೌಂಟ್ ಇಲ್ಲದಾಗ ಅಲ್ಲಿ ಫೈಲ್ ಮಾಡಹೊರಟರೆ ಸರ್ವಾಧಿಕಾರವುಳ್ಳ ರೂಟ್ ಬಳಕೆದಾರನಿಗೂ ಅನುಮತಿಯಿಲ್ಲ.

ಮ್ಯಾನೇಜರ್ ಮಾತ್ರ ಡ್ಯಾಶ್‌ಬೋರ್ಡ್‌ಗೆ ಇನ್ನೊಂದು ಹಸಿರು ದೀಪ ಸೇರಿಸಿ ಎಂದರು. ಆ ರಾತ್ರಿ ಇದ್ದವೆಲ್ಲ ಹಸಿರೇ ಆಗಿದ್ದವು. ಹೊಸ ದೀಪ ಸ್ಕ್ರಿಪ್ಟ್‌ನ ಮಾತು ನಂಬುವುದಿಲ್ಲ, ನಿಜಕ್ಕೂ ಮೌಂಟ್ ಆಗಿದೆಯೇ ಎಂದು ಹೇಳುವ ಫೈಂಡ್‌ಮೌಂಟ್ ಉತ್ತರವನ್ನಷ್ಟೇ ಓದುತ್ತದೆ. ಡಿಸ್ಕ್ ಕಳಚಿಟ್ಟ ದಿನವಿಡೀ ಕೆಂಪಾಗಿರುತ್ತದೆ. ಅದಕ್ಕೂ ಅವರಿಂದ ದೂರು ಬಂದಿದೆ.