ಡಿಸೆಂಬರ್ ಬಿಸಿಲಲ್ಲಿ ಮಂಡ್ಯಕ್ಕೆ

ಲಂಡನ್‌ನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಡಿಸೆಂಬರ್ ರಜೆಗೆ ಬಂದಿದ್ದ. ಆಲೆಮನೆ ನೋಡಬೇಕು ಅಂದ. ಬೆಳಗಿನ ರೈಲಿಗೆ ಮೈಸೂರಿನಿಂದ ಮಂಡ್ಯಕ್ಕೆ ಹೊರಟೆವು.

ನಾಗನಹಳ್ಳಿವರೆಗೆ ಆಕಾಶ ತಿಳಿಯಾಗಿತ್ತು. ಶ್ರೀರಂಗಪಟ್ಟಣದ ಸೇತುವೆ ಮೇಲೆ ಬಂದರೆ ಕಾವೇರಿಯೇ ಕಾಣದಷ್ಟು ಮಂಜು. "ಇಲ್ಲೂ ಲಂಡನ್ ಕಥೇನಾ ಮಾವ?" ಅಂದ. "ಸ್ವಲ್ಪ ತಡಿ" ಅಂದೆ. ರಾತ್ರಿ ಮೋಡ ಇಲ್ಲದಿದ್ದರೆ ನೆಲದ ಕಾವು ಬೇಗ ಇಳಿಯುತ್ತದೆ. ನಾಲೆ, ಗದ್ದೆಗಳ ತೇವ ತಣಿದು ಮಂಜಾಗುತ್ತದೆ. ಮೇಲೆ ಮೋಡ ಇಲ್ಲ ಅನ್ನುವುದಕ್ಕೆ ಅದೇ ಗುರುತು. ಪಾಂಡವಪುರ ದಾಟುವಷ್ಟರಲ್ಲಿ ಬಿಸಿಲು ಬಂತು. ದೆಹಲಿಯಲ್ಲಿ ಹೀಗಲ್ಲ. ಹೊಗೆಯೂ ಸೇರಿಕೊಂಡು ಜನವರಿಯ ಮಂಜು ಕೆಲವು ದಿನ ಮಧ್ಯಾಹ್ನವಾದರೂ ಬಿಡುವುದಿಲ್ಲ.

ಬಿಸಿಲು ಎಷ್ಟು ಸಿಗುತ್ತದೆ ಅನ್ನುವುದಕ್ಕೆ ಸೂರ್ಯನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರ್ 21ರ ನಡುಮಧ್ಯಾಹ್ನ ಮೈಸೂರಲ್ಲಿ ಅವನು ದಿಗಂತದಿಂದ ಸುಮಾರು 54 ಡಿಗ್ರಿ ಮೇಲಿರುತ್ತಾನೆ. ದೆಹಲಿಯಲ್ಲಿ 38. ಲಂಡನ್‌ನಲ್ಲಿ ಬರೀ 15! ಅಲ್ಲಿ ಹಗಲೇ 8 ಗಂಟೆಗಿಂತ ಕಡಿಮೆ. ನಮ್ಮಲ್ಲಿ ಹನ್ನೊಂದೂವರೆಗೆ ಹತ್ತಿರ. "ನಾಲ್ಕಕ್ಕೆಲ್ಲ ಕತ್ತಲು ಮಾವ, ಆಫೀಸಿಂದ ಆಚೆ ಬಂದರೆ ರಾತ್ರಿ" ಅಂದ.

ಹಾಗಂತ ಎತ್ತರ ಒಂದೇ ಸಾಲದು. ಚೆನ್ನೈ ಹೆಚ್ಚುಕಡಿಮೆ ನಮ್ಮ ನೇರಕ್ಕೇ ಇದೆ. ಆದರೆ ಹಿಂಗಾರು ಮಳೆ ಮೊದಲು ಹೊಡೆಯುವುದು ಅಲ್ಲಿಗೆ. ಆ ಊರಿನ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೇ ಸುರಿಯುತ್ತದೆ. ನಮಗೆ ಸಿಗುವುದು ಅದರ ಉಳಿಕೆ ಮೋಡ, ಒಂದಿಷ್ಟು ಜಿಟಿಜಿಟಿ.

ಆ ಉಳಿಕೆ ಮೋಡವೂ ಆಲೆಮನೆಗೆ ತೊಂದರೆಯೇ. ಗಾಣದಿಂದ ಬಂದ ಕಬ್ಬಿನ ಸಿಪ್ಪೆಯನ್ನು ಬಯಲಲ್ಲಿ ಹರಡಿ ಒಣಗಿಸುತ್ತಾರೆ. ಕೊಪ್ಪರಿಗೆ ಕೆಳಗಿನ ಒಲೆಗೆ ಅದೇ ಉರುವಲು. ಒಲೆಯ ಮುಂದೆ ಕೂತಿದ್ದ ಯಜಮಾನರು, "ಮೋಡ ಮುಚ್ಕೊಂಡ್ರೆ ಸಿಪ್ಪೆ ಒಣಗಲ್ಲ ಸ್ವಾಮಿ, ಬರೀ ಹೊಗೆ. ಪಾಕ ಹದಕ್ಕೆ ಬರೋದು ಲೇಟು" ಅಂದರು. ಸೂರ್ಯನ ಲೆಕ್ಕ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು ಬಿಡಿ.

ಹನ್ನೆರಡರ ಹೊತ್ತಿಗೆ ನಾನು ಹೊಂಗೆ ಮರದಡಿ ಸೇರಿದೆ. ಅಳಿಯ ಮಾತ್ರ ಬಿಸಿ ಬೆಲ್ಲ ಹಿಡಿದು ಬಿಸಿಲಲ್ಲೇ ನಿಂತಿದ್ದ.

ನೀವೂ ಹೋಗುವುದಾದರೆ ಜನವರಿಯೇ ಒಳ್ಳೆಯದು, ಮಳೆ ಕಾಟ ಕಡಿಮೆ. ಡಿಸೆಂಬರ್‌ನಲ್ಲೇ ಹೊರಟರೆ ಸುದ್ದಿ ನೋಡಿಕೊಳ್ಳಿ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂದಿದ್ದರೆ ಎರಡು ದಿನ ತಡೆದು ಹೋಗಿ.