ಮೂವತ್ತೈದು ಪಟ್ಟು

8 ಫೆಬ್ರುವರಿ 2026, ಭಾನುವಾರ
ಗಂಗಾವತಿ

ರಾತ್ರಿ ಹನ್ನೊಂದಾಯ್ತು, ನಿದ್ದೆ ಬರ್ತಿಲ್ಲ. ತಲೆಯಲ್ಲಿ ಒಂದೇ ಗುಣಾಕಾರ ಓಡ್ತಿದೆ. ಎರಡು ಸಾವಿರ, ಮೂವತ್ತೈದು ಸಲ.

ಬೆಳಗ್ಗೆ ಬಸು ಬಂದಿದ್ದ, ಕಾರಟಗಿಯಿಂದ, ಗಾಡಿ ಮೇಲೆ. ಭಾನುವಾರ ಆ ಹೊತ್ತಿಗೆ ಅವನು ಎದ್ದಿರೋದೇ ದೊಡ್ಡದು. ಅಕ್ಕ ಏನೋ ಕೊಟ್ಟು ಕಳಿಸಿರಬೇಕು ಅಂದುಕೊಂಡೆ. ಕೈಯಲ್ಲಿ ಡಬ್ಬಿ ಇರಲಿಲ್ಲ, ಮೊಬೈಲ್ ಮಾತ್ರ ಇತ್ತು. ಇವಳು ಒಗ್ಗರಣೆ ಮಿರ್ಚಿ ತಂದಿಟ್ಟಳು. ಬಸು ಮಿರ್ಚಿ ಮುಟ್ಟಲಿಲ್ಲ. ಆಗಲೇ ಅನುಮಾನ ಬಂತು.

"ಮಾಮಾ, ಒಂದ್ ಲೆಕ್ಕ ಕೇಳ್ಬೇಕಿತ್ತು."

ಲೆಕ್ಕ ಅಂದರೆ ನಾನು ಸೋತೆ, ಅದು ಅವನಿಗೂ ಗೊತ್ತು. ಗಂಜ್‌ನ ದಲಾಲಿ ಅಂಗಡಿಯಲ್ಲಿ ಇಪ್ಪತ್ತೊಂದು ವರ್ಷದಿಂದ ಮಾಡ್ತಿರೋದೇ ಅದು. ಮೊಬೈಲ್ ತಿರುಗಿಸಿ ತೋರಿಸಿದ. ಹಸಿರು ಅಕ್ಷರದಲ್ಲಿ 6,000 ರೂಪಾಯಿ. "ಗೆದ್ದೀನಿ, ಆದ್ರ ತೆಗಿಯಾಕ ಬರವಲ್ದು" ಅಂದ.

ಆನ್‌ಲೈನ್ ಕ್ಯಾಸಿನೋ. ಟೆಲಿಗ್ರಾಂನಲ್ಲಿ ಯಾರೋ ಲಿಂಕ್ ಹಾಕಿದ್ದರಂತೆ, ಸಾವಿರ ಹಾಕಿದರೆ ಸಾವಿರ ಬೋನಸ್ ಅಂತ. ಇವನು ಹಾಕಿದ. ಎರಡು ಸಾವಿರ ಕಾಣಿಸ್ತು. ಮೂರು ರಾತ್ರಿ ರೂಲೆಟ್ ಆಡಿದ, ಚಕ್ರ ತಿರುಗಿಸಿ ಗುಂಡು ಯಾವ ಬಣ್ಣದ ಮನೆಯಲ್ಲಿ ನಿಲ್ಲುತ್ತೆ ಅಂತ ಪಣ ಕಟ್ಟೋ ಆಟ. ಕೆಂಪಿನ ಮೇಲೆ 500, ಮತ್ತೆ ಕೆಂಪಿನ ಮೇಲೆ 500. ಒಟ್ಟು 24 ಸಲ ಆಡಿ 16 ಸಲ ಗೆದ್ದಿದ್ದಾನೆ. ಇದು ಬಾಯಲ್ಲಿ ಹೇಳಿದ್ದಲ್ಲ, ಹಿಸ್ಟರಿ ತೆಗೆಸಿ ನಾನೇ ಎಣಿಸಿದೆ.

ಬೈಯೋಕೆ ಬಾಯಿ ತೆರೆದವನು ಸುಮ್ಮನಾದೆ. ಈ ವರ್ಷ ಹುಡುಗರಿಗೆ ಮಾಡೋಕೆ ಕೆಲಸವಾದರೂ ಏನಿದೆ? ತುಂಗಭದ್ರಾ ಡ್ಯಾಮಿನ ಗೇಟ್ ಬದಲಿಸ್ತಾರೆ ಅಂತ ಎರಡನೇ ಬೆಳೆಗೆ ನೀರು ಬಿಟ್ಟಿಲ್ಲ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿ ಹೋದಾಗಲೇ ಗೊತ್ತಿತ್ತು, ಇದು ಒಂದು ದಿನ ಆಗಲೇಬೇಕು ಅಂತ. ಫೆಬ್ರುವರಿಯಲ್ಲಿ ಕಾರಟಗಿ ದಾರಿ ಎರಡೂ ಕಡೆ ಹಸಿರು ಇರಬೇಕಿತ್ತು. ಈಗ ಒಣ ಕೂಳೆ. ಹಮಾಲಿ ಇಲ್ಲ, ನಾಟಿ ಇಲ್ಲ, ಟ್ರ್ಯಾಕ್ಟರ್ ಬಾಡಿಗೆ ಇಲ್ಲ. ಮೊಬೈಲ್ ಒಂದೇ ನಡೀತಿರೋದು.

ಸರಿ, ಷರತ್ತು ಎಲ್ಲಿದೆ ತೋರಿಸು ಅಂದೆ. ಅವನು ನೋಡೇ ಇಲ್ಲ. ಟಿಕ್ ಹೊಡೆದು ಮುಂದೆ ಹೋಗಿದ್ದಾನೆ, ಅಷ್ಟೆ. ಹುಡುಕಿದರೆ ಕೆಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಒಂದು ಲಿಂಕ್, ಅದರೊಳಗೆ ಇನ್ನೊಂದು, ಆಮೇಲೆ ಇಂಗ್ಲಿಷ್‌ನಲ್ಲಿ ಮುಗಿಯದಷ್ಟು ಉದ್ದ. ಕನ್ನಡಕ ಹಾಕಿಕೊಂಡು ಕೂತೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಅಂಕಿ ಬಂದ ಕಡೆ ನನ್ನ ಕಣ್ಣು ತಾನೇ ನಿಲ್ಲುತ್ತೆ.

35 ಅಂತಿತ್ತು. ಅಂದರೆ ಹಾಕಿದ ದುಡ್ಡು, ಬೋನಸ್ ಎರಡೂ ಕೂಡಿಸಿ ಅದರ 35 ಪಟ್ಟು ಮೊತ್ತಕ್ಕೆ ಆಟ ಆಡಿದ ಮೇಲೆಯೇ ಒಂದು ರೂಪಾಯಿ ತೆಗೀಬಹುದು. 2,000 ಇಂಟು 35. 70,000 ರೂಪಾಯಿ ಪಣ ಕಟ್ಟಬೇಕು. ಬಸು, "ನಾ 12,000 ಆಡೀನಲ್ಲ ಮಾಮಾ, ಇನ್ನ 58 ಉಳೀತು" ಅಂದ. ನನಗೂ ಹಾಗೇ ಅನ್ನಿಸಿತ್ತು. ಎರಡು ಪ್ಯಾರಾ ಕೆಳಗೆ ಹೋದರೆ ಇನ್ನೊಂದು ಇದೆ. ಸ್ಲಾಟ್, ಅಂದರೆ ಗುಂಡಿ ಒತ್ತಿ ಚಿತ್ರ ತಿರುಗಿಸೋ ಆಟ, ಆಡಿದರೆ ನೂರಕ್ಕೆ ನೂರು ಲೆಕ್ಕಕ್ಕೆ ಬರುತ್ತೆ, ರೂಲೆಟ್ ಆಡಿದರೆ ನೂರಕ್ಕೆ ಹತ್ತೇ. ಅಂದರೆ ಇವನ 12,000 ಅವರ ಪುಸ್ತಕದಲ್ಲಿ 1,200. ಉಳಿದದ್ದು 68,800. ಅದನ್ನು ರೂಲೆಟ್‌ನಲ್ಲೇ ತೀರಿಸ್ತೀನಿ ಅಂದರೆ 6,88,000 ರೂಪಾಯಿ ಪಣ ಕಟ್ಟಬೇಕು.

ಕ್ಯಾಲೆಂಡರ್ ಹಿಂದೆ ಬರೆದು ತೋರಿಸಿದೆ. ಬಸು ಸುಮ್ಮನೆ ನೋಡಿದ.

ಟೈಮ್ ಬೇರೆ ಏಳೇ ದಿನ, ಮೂರು ಹೋಗಿದೆ. ಒಂದು ಸಲಕ್ಕೆ 400ಕ್ಕಿಂತ ಜಾಸ್ತಿ ಕಟ್ಟುವಂತಿಲ್ಲ ಅಂತ ಮತ್ತೊಂದು ಸಾಲು. ಭಾಗಿಸಿದೆ. ನಾಲ್ಕು ದಿನದಲ್ಲಿ 1,720 ಸಲ ಚಕ್ರ ತಿರುಗಬೇಕು. ಆ ಚಕ್ರದಲ್ಲಿ 37 ಮನೆ. 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ. ಆ ಸೊನ್ನೆಯಿಂದಲೇ ಅಂಗಡಿ ನಡೆಯೋದು. ಸರಾಸರಿ ನೂರು ರೂಪಾಯಿಗೆ 2 ರೂಪಾಯಿ 70 ಪೈಸೆ ಅವರದು. 6,88,000ಕ್ಕೆ ಎಷ್ಟಾಯ್ತು? ಹದಿನೆಂಟು ಸಾವಿರದ ಮೇಲೆ. ಆರು ಸಾವಿರ ಬಿಡಿಸಿಕೊಳ್ಳೋಕೆ ಹದಿನೆಂಟು ಸಾವಿರ!

"ಹಂಗಾರ ಸ್ಲಾಟ್ ಆಡಿದ್ರ?"

ಅದನ್ನೂ ಮಾಡಿದೆ. ನೂರಕ್ಕೆ 96 ವಾಪಸ್ ಕೊಡುವ ಸ್ಲಾಟ್ ಅಂತ ಇಟ್ಟುಕೊಂಡರೂ 70,000 ಆಡುವಷ್ಟರಲ್ಲಿ ಸರಾಸರಿ 2,800 ಹೋಗುತ್ತೆ. ಮೊದಲ ದಿನ ಕೈಯಲ್ಲಿದ್ದದ್ದೇ 2,000. ಯಾರೋ ಒಬ್ಬರಿಬ್ಬರು ಅದೃಷ್ಟವಂತರು ದಾಟಬಹುದು, ಇಲ್ಲ ಅನ್ನಲ್ಲ. ಆದರೆ ಇದನ್ನು ಬರೆದವನು ಲೆಕ್ಕದವನೇ. ಒಳ್ಳೆ ಲೆಕ್ಕದವನು. ಒಂದು ಕ್ಷಣ ಅವನ ಬಗ್ಗೆ ಮೆಚ್ಚುಗೆ ಬಂತು ಅಂದರೆ ನಂಬ್ತೀರಾ?

ಆಮೇಲೆ ಸಿಟ್ಟು ಬಂತು. ಮಿತಿ 400 ಅಲ್ವಾ, ಬಸು 500 ಕಟ್ಟಿದ್ದಾನೆ. 24 ಸಲಾನೂ. ಮಷೀನ್ ಒಂದು ಸಲವೂ ಬೇಡ ಅನ್ನಲಿಲ್ಲ. ಅದು ಅನ್ನಬಹುದಿತ್ತು, ಅದೆಷ್ಟು ಹೊತ್ತಿನ ಕೆಲಸ? ಸೋತಿದ್ದರೆ 500ನ್ನೂ ಸುಮ್ಮನೆ ಒಳಗೆ ಹಾಕಿಕೊಳ್ತಿದ್ದರು. ಗೆದ್ದು ತೆಗೀತೀನಿ ಅಂದಾಗ ಮಾತ್ರ ನಿಯಮ ಮುರಿದೆ, ಗೆದ್ದದ್ದೆಲ್ಲ ರದ್ದು ಅನ್ನೋ ಹಕ್ಕು ಅವರಿಗಿದೆ. ಹಾಗಂತಲೇ ಬರೆದಿದೆ.

"ಇದೆಲ್ಲಾ ಬಂದ್ ಆತಲ್ಲೋ, ಹೋದ ಆಗಸ್ಟ್‌ನಾಗ?" ಅಂದೆ. 2025ರ ಆಗಸ್ಟ್ 22ಕ್ಕೆ ಆನ್‌ಲೈನ್ ಆಟದ ಕಾಯ್ದೆಗೆ ರಾಷ್ಟ್ರಪತಿಗಳು ಸಹಿ ಹಾಕಿದರಲ್ಲ, ದುಡ್ಡಿನ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ನಮ್ಮ ದೇಶದ ದೊಡ್ಡ ಆಪ್‌ಗಳು ಆಗಲೇ ದುಡ್ಡಿನ ಆಟ ನಿಲ್ಲಿಸಿದವು. "ಇದು ಹೊರಗಿಂದು ಮಾಮಾ, ಆಡಾವ್ರಿಗೆ ಶಿಕ್ಷೆ ಇಲ್ಲ" ಅಂದ. ಅದು ಮಾತ್ರ ಸರಿಯಾಗಿ ಓದಿಕೊಂಡಿದ್ದಾನೆ. ಪುಟದ ತಳದಲ್ಲಿ ಕ್ಯುರಸಾವ್ ಲೈಸೆನ್ಸ್ ಅಂತಿತ್ತು. ವೆನೆಜುವೆಲಾ ಹತ್ತಿರದ ದ್ವೀಪವಂತೆ. ಕಾರಟಗಿ ಹುಡುಗ ಯಾರ ಹತ್ತಿರ ಹೋಗಿ ಜಗಳ ಮಾಡಬೇಕು? ಸಾವಿರ ಹೋಗಿರೋದು ನೋಡಿದರೆ ಕಂಪನಿಗೂ ಅಲ್ಲ, ಯಾರೋ ಒಬ್ಬ ಮನುಷ್ಯನ ಯುಪಿಐಗೆ.

ಅವನು ಬಂದ ಕಾರಣ ಇನ್ನೂ ಬಾಯಿಗೆ ಬಂದಿರಲಿಲ್ಲ. ಒಗ್ಗರಣೆ ತಟ್ಟೆಯಲ್ಲಿ ಬೆರಳಾಡಿಸ್ತಾ ಹೇಳಿದ. ಚಾಟ್‌ನಲ್ಲಿ ಕೇಳಿದರೆ ಇನ್ನೂ 2,000 ಹಾಕಿ, ಖಾತೆ ವೆರಿಫೈ ಆಗುತ್ತೆ, ಎಲ್ಲಾ ಒಟ್ಟಿಗೆ ಬಿಡ್ತೀವಿ ಅಂದರಂತೆ. ಅದಕ್ಕೇ ಬಂದದ್ದು. ಎರಡು ಸಾವಿರ ಕೈಗಡ. "ನಾಳೆನ ಕೊಡ್ತೀನಿ ಮಾಮಾ. ಅವ್ವಗ ಹೇಳಬ್ಯಾಡ."

ಕೊಡಲಿಲ್ಲ. ಆಧಾರ್ ಫೋಟೋ ಕಳಿಸಿದ್ದೀಯಾ ಅಂದೆ, ಹೂಂ ಅಂದ. ನನಗೆ ಕೈ ತಣ್ಣಗಾಯ್ತು. ಒಂದು ಪೈಸೆ ಹಾಕಬೇಡ, ಚಾಟ್ ಎಲ್ಲಾ ಫೋಟೋ ತೆಗೆದಿಡು, ಸೈಬರ್ ವಂಚನೆ ದೂರಿನ ನಂಬರ್ 1930ಗೆ ಫೋನ್ ಮಾಡು, ಬ್ಯಾಂಕಿಗೂ ಹೇಳು ಅಂದೆ. ತಲೆ ಆಡಿಸಿದ. ಮಾಡ್ತಾನೋ ಇಲ್ವೋ.

ಮಧ್ಯಾಹ್ನ ಸುಮ್ನೆ ಹುಡುಕಿದೆ, ಬೇರೆ ಕಡೆ ಹೇಗಿದೆ ಅಂತ. ಬ್ರಿಟನ್‌ನಲ್ಲಿ ಹೋದ ತಿಂಗಳು 19ರಿಂದ ಬೋನಸ್‌ನ 10 ಪಟ್ಟಿಗಿಂತ ಜಾಸ್ತಿ ಆಡಿಸುವಂತಿಲ್ಲ. ಹತ್ತು. ಸಾವಿರಕ್ಕೆ ಹತ್ತು ಸಾವಿರ. ಬಸುಗೆ ಎಪ್ಪತ್ತು.

ಇಷ್ಟೇ ಆಗಿದ್ದರೆ ಮಲಗಿಬಿಡ್ತಿದ್ದೆ. ಗಾಡಿ ಹತ್ತಿದವನು, ಕಿಕ್ ಹೊಡೆಯೋ ಮುಂಚೆ ಅಂದ, "ಸಿಟ್ಟಾಗಬ್ಯಾಡ ಮಾಮಾ, ಆದ್ರ ನಿಮ್ಮ ಅಂಗಡ್ಯಾಗೂ ಹಂಗ ಅಲ್ಲೇನು? ನಮ್ಮಪ್ಪ ಉದ್ರಿ ಗೊಬ್ಬರ ತಂದಾಗ ಒಂದ್ ಕಡೆ ಸಹಿ ಹಾಕಿದ್ನಲ್ಲ."

ಏನೋ ಗದರಿಸಿ ಕಳಿಸಿದೆ. ಅದು ಬೇರೆ, ಇದು ಬೇರೆ. ನಾವು ನಿಜವಾದ ಗೊಬ್ಬರ ಕೊಡ್ತೀವಿ, ಹಸಿರು ಅಕ್ಷರ ಅಲ್ಲ. ಭತ್ತ ನಮ್ಮ ಅಂಗಡಿಗೇ ತರಬೇಕು ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ. ಬಡ್ಡಿಯೂ. 75 ಕೆಜಿ ಚೀಲಕ್ಕೆ ತೂಕದಲ್ಲಿ ಎಷ್ಟು ಕಳೀತೀವಿ ಅನ್ನೋದೂ... ಅದು ಗೊತ್ತಿರುತ್ತೆ, ಹೇಳೋದಿಲ್ಲ ಅಷ್ಟೆ.

ಜೂನ್‌ನಲ್ಲಿ ಸಿದ್ದಾಪುರದ ಒಬ್ಬ ಯಜಮಾನ್ರು ಬಂದಿದ್ದರು. ಹೆಬ್ಬೆಟ್ಟಿಗೆ ಇಂಕು ಹಚ್ಚಿಕೊಂಡು, "ಏನೈತಿ ಓದಿ ಹೇಳ್ರಿ" ಅಂದರು. ಹಿಂದೆ ಆರೇಳು ಜನ ನಿಂತಿದ್ದರು, ಸಾಹುಕಾರ್ರು ಒಳಗಿಂದ ಬೇಗ ಬೇಗ ಅಂತಿದ್ದರು. "ಯಾವಾಗಿಂದ ಐತಲ್ಲ ಯಜಮಾನ್ರ, ಅದ" ಅಂದು ಪುಸ್ತಕ ಮುಂದೆ ತಳ್ಳಿದೆ. ಅವರು ಒತ್ತಿದರು. ಈ ಸಲ ಎರಡನೇ ಬೆಳೆ ಇಲ್ಲ ಅಂದರೆ ಅವರ ಬಡ್ಡಿ ಮುಂದಿನ ನವೆಂಬರ್‌ವರೆಗೂ ಓಡುತ್ತೆ, ಅದನ್ನು ಬರೀತಿರೋನೂ ನಾನೇ. ನಾಳೆ ಅಂಗಡಿ ತೆಗೆದ ತಕ್ಷಣ ಅವರ ಖಾತೆ ಎಷ್ಟಕ್ಕೆ ನಿಂತಿದೆ ಅಂತ ಒಂದು ಸಲ